ಹಾನಿಯನ್ನು ಕಂಡು ‘ಇದು ದೇವರ ಶಿಕ್ಷೆ’ ಎನ್ನಬಹುದೇ? ಇಬ್ರಿಯರಿಗೆ 12ರ ಕುರಿತು ಒಂದು ಪ್ರಶ್ನೆ

ಮೂಡಿಗೆರೆ ಓದುಗ (ಪ್ರಶ್ನೆ):

ಎಲ್ಲರಿಗೂ ವಂದನೆಗಳು. ಹಳೆಯ ಒಡಂಬಡಿಕೆಯನ್ನು ಶ್ರದ್ಧೆಯಿಂದ ಓದಿಕೊಂಡ ಹಿರಿಯರು ಇಲ್ಲಿ ಇದ್ದಾರೆಂಬ ಧೈರ್ಯದಿಂದ ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ.

2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಕುಸಿದು ಹಲವರ ತೋಟಗಳು ಮಣ್ಣುಪಾಲಾದದ್ದು ಈ ಭಾಗದವರಿಗೆಲ್ಲ ನೆನಪಿರುತ್ತದೆ. ನಮ್ಮ ಸಭೆಯ ಹಿರಿಯರೊಬ್ಬರ ತೋಟದ ಕೆಳಭಾಗವೂ ಹಾಗೆಯೇ ಹೋಯಿತು. ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್ ಮರಗಳು ಬಳ್ಳಿಸಮೇತ ಹಳ್ಳದಲ್ಲಿ ಅಡ್ಡಬಿದ್ದಿದ್ದವು. ಫಸಲು ಕೊಡುತ್ತಿದ್ದ ರೊಬಸ್ಟಾ ಗಿಡಗಳ ಜಾಗದಲ್ಲಿ ಕೆಂಪು ಮಣ್ಣಿನ ಕಡಿದಾದ ಗೋಡೆ ಮಾತ್ರ ಉಳಿದಿತ್ತು. ಅದಾದ ಮೇಲೆ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಇಬ್ರಿಯರಿಗೆ 12:6ನ್ನು ಓದಿ, ಕರ್ತನು ತಾನು ಪ್ರೀತಿಸುವವನನ್ನೇ ಶಿಕ್ಷಿಸುತ್ತಾನೆ, ಆದುದರಿಂದ ಈ ಮನೆಯವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲಿ ಎಂದು ಸಭೆಯ ಮುಂದೆಯೇ ಹೇಳಿದರು. ತಪ್ಪು ಯಾವುದೆಂದು ಮಾತ್ರ ಹೇಳಲಿಲ್ಲ. ಆ ಹಿರಿಯರು ಆರಾಧನೆಗೆ ಬರುವುದನ್ನು ಬಿಟ್ಟಿಲ್ಲ. ಆದರೆ ಅಂದಿನಿಂದ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತು, ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಾರೆ.

ಪ್ರಸಂಗಿಯ ಮಾತು ನನಗೆ ಹಿಡಿಸಲಿಲ್ಲ. ಆದರೆ ಗ್ರಂಥವನ್ನು ತೆರೆದರೆ ಅವರಿಗೆ ಆಧಾರವಿಲ್ಲವೆಂದು ಹೇಳುವುದೂ ಕಷ್ಟ. ಆಜ್ಞೆ ಮೀರಿದವರಿಗೆ ಬರುವ ಶಿಕ್ಷೆಗಳನ್ನು ಹೇಳುವ ಯಾಜಕಕಾಂಡ 26 ಇದೆ. ಭೂಮಿಯ ಎಲ್ಲಾ ಕುಲಗಳಲ್ಲಿ ನಿಮ್ಮನ್ನು ಮಾತ್ರ ನನ್ನವರೆಂದು ಅರಿತಿದ್ದೇನೆ, ಆದುದರಿಂದಲೇ ನಿಮ್ಮ ಅಕ್ರಮಗಳಿಗೆಲ್ಲ ನಿಮ್ಮನ್ನು ದಂಡಿಸುವೆನು ಎಂಬ ಆಮೋಸ 3:2 ಇದೆ. ಇತ್ತ ದೇವರ ಕರುಣೆಯನ್ನು ಸಾರುವ ಕೀರ್ತನೆ 103 ಮತ್ತು ಪ್ರಲಾಪಗಳು 3 ಇವೆ. ಇವೆರಡೂ ಒಂದೇ ದೇವರ ಮಾತಾಗಿದ್ದರೆ, ಕರುಣೆ ಎನ್ನುವುದು ಶಿಕ್ಷೆ ಮುಗಿದ ಮೇಲೆ ಬರುವಂಥದ್ದೇ, ಇಲ್ಲವೇ ಶಿಕ್ಷೆಯ ಒಳಗೇ ಇರುವಂಥದ್ದೇ? ಮತ್ತು ಒಬ್ಬನಿಗಾದ ನಷ್ಟವನ್ನು ನೋಡಿ ಇನ್ನೊಬ್ಬನು ಅದನ್ನು ದೇವರ ಶಿಕ್ಷೆಯೆಂದು ಕರೆಯಲು ಬೈಬಲಿನಲ್ಲಿ ಅಧಿಕಾರವಿದೆಯೇ?

ಹಾಸನದ ಮೇಷ್ಟ್ರು:

ಸಹೋದರರೇ, ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಕರುಣೆಯು ಶಿಕ್ಷೆಯ ಒಳಗೇ ಇರುತ್ತದೆ, ಅದರ ಅಳತೆಯಲ್ಲಿಯೂ ಅದರ ಗಡುವಿನಲ್ಲಿಯೂ.

ಯಾಜಕಕಾಂಡ 26ನ್ನು ಬಹಳ ಮಂದಿ ಶಾಪಗಳ ಪಟ್ಟಿ ಎಂದುಕೊಂಡು ಬೇಗ ಬೇಗ ಓದಿ ದಾಟಿಬಿಡುತ್ತಾರೆ. ಅಲ್ಲಿ ಐದು ಹಂತಗಳಿವೆ. ರೋಗ ಮತ್ತು ಶತ್ರುಭಯ, ಆಮೇಲೆ ಕಬ್ಬಿಣದಂತಾಗುವ ಆಕಾಶ, ಆಮೇಲೆ ಕಾಡುಮೃಗಗಳು, ಆಮೇಲೆ ಕತ್ತಿ ಮತ್ತು ಹತ್ತು ಮಂದಿ ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಸುಡಬೇಕಾಗುವಂಥ ಕೊರತೆ, ಕಟ್ಟಕಡೆಗೆ ದೇಶದಿಂದ ಚದರಿಹೋಗುವುದು. ಎರಡನೆಯ ಹಂತದಿಂದ ಮುಂದಕ್ಕೆ ಪ್ರತಿಯೊಂದರ ಬಾಗಿಲಲ್ಲಿಯೂ, ಇಷ್ಟಾದರೂ ನೀವು ಕೇಳದೆ ಹೋದರೆ ಎಂಬ ಮಾತಿದೆ (18, 21, 23, 27ನೇ ವಚನಗಳು). ದಂಡಿಸಲು ಆತುರಪಡುವವನು ಹೀಗೆ ನಾಲ್ಕು ಸಲ ನಿಂತು ನೋಡುವುದಿಲ್ಲ. ಕೊನೆಯ ಹಂತವೂ ಮುಗಿದ ಮೇಲೆ, 44ನೇ ವಚನದಲ್ಲಿ, ಅವರು ಶತ್ರುಗಳ ದೇಶದಲ್ಲಿರುವಾಗಲೂ ಅವರನ್ನು ಸಂಪೂರ್ಣವಾಗಿ ಹಾಳುಮಾಡುವಷ್ಟು ನಾನು ತಿರಸ್ಕರಿಸುವುದಿಲ್ಲ ಎಂದು ದೇವರು ಹೇಳುತ್ತಾನೆ. ಒಡಂಬಡಿಕೆ ಮುರಿಯುವ ಮೊದಲೇ, ಮುರಿದವರ ಗತಿಯೇನು ಎಂಬುದನ್ನು ಅದೇ ಒಡಂಬಡಿಕೆಯಲ್ಲಿ ಬರೆದಿಡಲಾಗಿದೆ. ದಾವೀದನ ಮನೆತನಕ್ಕೆ ಕೊಟ್ಟ ಮಾತಿನಲ್ಲಿಯೂ ಇದೇ ರೀತಿ: ತಪ್ಪು ಮಾಡಿದರೆ ಮನುಷ್ಯರ ಬೆತ್ತದಿಂದ ಶಿಕ್ಷಿಸುವೆನು, ಆದರೆ ನನ್ನ ಕೃಪೆಯು ಅವನನ್ನು ಬಿಟ್ಟುಹೋಗದು (2 ಸಮುವೇಲ 7:14-15).

ಗಡುವಿನ ವಿಷಯಕ್ಕೆ ಯೆರೆಮೀಯನನ್ನು ನೋಡಬೇಕು. ಕ್ರಿ.ಪೂ. 597ರಲ್ಲಿ ಯೆಹೂದದ ಅರಸ ಯೆಕೊನ್ಯನೊಡನೆ ಸೆರೆಹೋದವರಿಗೆ ಅವನು ಬಾಬೆಲಿಗೆ ಪತ್ರ ಕಳುಹಿಸುತ್ತಾನೆ. ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರಾಂಶ. ಶಿಕ್ಷೆಯ ನಡುವೆಯೇ ತೋಟ ಮಾಡಿಕೊಳ್ಳಲು ಅಪ್ಪಣೆ! ನಮ್ಮ ಕ್ರೈಸ್ತ ಮನೆಗಳ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ 29:11ನೇ ವಚನ ಈ ಪತ್ರದ್ದೇ. ಅದಕ್ಕೆ ಮುಂಚಿನ 10ನೇ ವಚನದಲ್ಲಿರುವ 70 ವರ್ಷಗಳನ್ನು ಮಾತ್ರ ಯಾವ ಕ್ಯಾಲೆಂಡರೂ ಅಚ್ಚು ಹಾಕುವುದಿಲ್ಲ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ದೇವಾಲಯದಲ್ಲಿ ನಿಂತು ಸಾರಿ, ಸುಳ್ಳು ಪ್ರವಾದಿ ಎನಿಸಿಕೊಂಡನು. ಹಾಗಾಗಿ ಶಿಕ್ಷೆಯನ್ನು ಇಲ್ಲವೆನ್ನುವುದೂ ಕರುಣೆಯ ಮಾತಲ್ಲ.

ಇನ್ನು ಆ ಪ್ರಸಂಗಿ ಆರಿಸಿಕೊಂಡ ಇಬ್ರಿಯರಿಗೆ 12. ಆ ಪತ್ರ ಯಾರಿಗೆ ಬರೆದದ್ದು ಎಂಬುದನ್ನು 10:32-34ರಲ್ಲಿ ನೋಡಿ. ಅವರು ನಂಬಿಕೆಯ ನಿಮಿತ್ತ ನಿಂದೆಗೆ ಗುರಿಯಾದವರು, ಆಸ್ತಿಪಾಸ್ತಿಯನ್ನು ಸುಲಿಗೆಗೆ ಒಪ್ಪಿಸಿಕೊಂಡವರು. ನೀವು ಇಂಥ ಪಾಪ ಮಾಡಿದ್ದರಿಂದ ನಿಮ್ಮ ಸೊತ್ತು ಹೋಯಿತು ಎಂದು ಆ ಲೇಖಕನು ಅವರಿಗೆ ಹೇಳುವುದೇ ಇಲ್ಲ. ಅಲ್ಲಿರುವುದು ತಂದೆಯು ಮಗನನ್ನು ತರಬೇತುಗೊಳಿಸುವ ಶಿಕ್ಷೆ, ಅಪರಾಧಕ್ಕೆ ವಿಧಿಸಿದ ದಂಡವಲ್ಲ.

ಗಿರಿಸಾಲು (ಚಿಕ್ಕಮಗಳೂರು):

ನಾನು ಕಥೋಲಿಕ ಸಭೆಯವಳು. ನಿಮ್ಮ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಮೇಷ್ಟ್ರು ಹೇಳಿದ ಹೆಚ್ಚಿನದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಇಬ್ರಿಯರಿಗೆ 12ರಲ್ಲಿ ಪಾಪದ ಮಾತೇ ಇಲ್ಲವೆಂಬಂತೆ ಓದಲಾಗದು. ಪಾಪಕ್ಕೆ ವಿರುದ್ಧವಾಗಿ ಹೋರಾಡುವುದರಲ್ಲಿ ನೀವು ಇನ್ನೂ ರಕ್ತ ಸುರಿಸುವಷ್ಟು ಎದುರಿಸಿಲ್ಲ ಎಂದು 4ನೇ ವಚನದಲ್ಲಿಯೇ ಇದೆ. ಪೌಲನಂತೂ ಕೊರಿಂಥದವರಿಗೆ ಇನ್ನೂ ನೇರವಾಗಿ, ನಿಮ್ಮಲ್ಲಿ ಹಲವರು ರೋಗಿಗಳಾಗಿರುವುದಕ್ಕೂ ಕೆಲವರು ಸತ್ತಿರುವುದಕ್ಕೂ ಕಾರಣ ಇದೇ ಎಂದು ಬರೆಯುತ್ತಾನೆ (1 ಕೊರಿಂಥ 11:30). ಅಲ್ಲಿ ತಪ್ಪು ಯಾವುದೆಂಬುದು ಗುಟ್ಟಾಗಿರಲಿಲ್ಲ: ಉಳ್ಳವರು ಮೊದಲೇ ಬಂದು ಹೊಟ್ಟೆತುಂಬ ಉಂಡು ಕುಡಿಯುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು, ಅದನ್ನೇ ಪ್ರಭುವಿನ ಭೋಜನವೆಂದು ಕರೆಯುತ್ತಿದ್ದರು. ಎಲ್ಲರ ಕಣ್ಣಿಗೂ ಕಾಣುವ ತಪ್ಪನ್ನು ಹೆಸರಿಸಿ, ಲೋಕದೊಂದಿಗೆ ನಮಗೆ ಅಪರಾಧನಿರ್ಣಯ ಆಗಬಾರದೆಂದೇ ಈ ಶಿಕ್ಷೆ ಎಂದು ಉದ್ದೇಶವನ್ನೂ 32ನೇ ವಚನದಲ್ಲಿ ಹೇಳುತ್ತಾನೆ. ನಿಮ್ಮಲ್ಲಿಗೆ ಬಂದವರು ನಷ್ಟವನ್ನು ತೋರಿಸಿ ತಪ್ಪನ್ನು ಮಾತ್ರ ಆ ಮನೆಯವರೇ ಹುಡುಕಿಕೊಳ್ಳಲಿ ಎಂದು ಬಿಟ್ಟುಹೋಗಿದ್ದಾರೆ. ಪ್ರವಾದಿಗಳ ಕ್ರಮ ಇದಕ್ಕೆ ತಿರುಗುಮುರುಗು: ತಪ್ಪನ್ನು ಮೊದಲು, ಅದೂ ವರ್ಷಗಟ್ಟಲೆ, ಹೇಳುತ್ತಿದ್ದರು, ವಿಪತ್ತು ಆಮೇಲೆ ಬರುತ್ತಿತ್ತು.

ಒಬ್ಬ ಪ್ರವಾದಿ ಇದಕ್ಕೆ ಹೊರತಾಗಿ ಕಾಣುತ್ತಾನೆ. ಪ್ರತಿ ವರ್ಷ ವಿಭೂತಿ ಬುಧವಾರದಂದು ನಮ್ಮ ದೇವಾಲಯಗಳಲ್ಲಿ ಓದುವ ಮೊದಲ ವಾಚನ ಯೋವೇಲನದು. ಮಿಡತೆಗಳು ಬಂದು ದ್ರಾಕ್ಷಿ, ಅಂಜೂರ, ಗೋದಿ, ಜವೆ ಎಲ್ಲವನ್ನೂ ತಿಂದುಹೋದ ಸಂದರ್ಭ; ಬೆಳೆ ಕಳೆದುಕೊಂಡವರ ಪುಸ್ತಕ ಎಂದೇ ಅದನ್ನು ಕರೆಯಬಹುದು. ಯೋವೇಲನು ಪಶ್ಚಾತ್ತಾಪಕ್ಕೆ ಕರೆಯುತ್ತಾನೆ, ಆದರೆ ಇಂಥವನ ಹೊಲದ ಮೇಲೆ ಇಂಥ ಪಾಪಕ್ಕಾಗಿ ಮಿಡತೆ ಬಂತು ಎಂದು ಎಲ್ಲಿಯೂ ಹೇಳುವುದಿಲ್ಲ. ಮುದುಕರು, ಮೊಲೆಕೂಸುಗಳು, ಮದುವೆಯ ಕೋಣೆಯಲ್ಲಿರುವ ವಧೂವರರು, ಎಲ್ಲರೂ ಬರಲಿ ಎನ್ನುತ್ತಾನೆ. ಬಲಿಪೀಠಕ್ಕೂ ದ್ವಾರಮಂಟಪಕ್ಕೂ ನಡುವೆ ನಿಂತು, ಸರ್ವೇಶ್ವರಾ, ನಿನ್ನ ಜನರನ್ನು ಕರುಣಿಸು ಎಂದು ಅಳಬೇಕಾದವರು ಯಾಜಕರು (2:17). ಬೋಧಿಸುವವನ ಸ್ಥಾನ ಅಳುವವರ ಸಾಲಿನಲ್ಲಿ ಎಂಬುದು ನನ್ನ ತಿಳುವಳಿಕೆ.

ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆಯೆಂದು ತೋರುತ್ತದೆ. ‘ಇದು ಸರ್ವೇಶ್ವರನ ಶಿಕ್ಷೆ’ ಎಂಬ ಮಾತನ್ನು ಬೈಬಲಿನಲ್ಲಿ ಒಪ್ಪಿಕೊಂಡು ಹೇಳುವವರು ಅದನ್ನು ಅನುಭವಿಸಿದವರೇ. ಮೀಕ 7:9ರಲ್ಲಿ, ನಾನು ಪಾಪ ಮಾಡಿದ್ದರಿಂದ ಆತನ ಕೋಪವನ್ನು ತಾಳಿಕೊಳ್ಳುವೆನು ಎಂಬ ದನಿ. ದಾನಿಯೇಲ 9ರಲ್ಲಿ, ನಾವು ಪಾಪ ಮಾಡಿದ್ದೇವೆ ಎಂದು ದಾನಿಯೇಲನು ತನ್ನನ್ನೂ ಸೇರಿಸಿಕೊಂಡೇ ಅರಿಕೆ ಮಾಡುತ್ತಾನೆ. ಜನಗಣತಿ ಮಾಡಿಸಿ ತಪ್ಪಿಗೆ ಸಿಕ್ಕಿದ ದಾವೀದನ ಮುಂದೆ ಮೂರು ಶಿಕ್ಷೆಗಳನ್ನು ಇಟ್ಟಾಗ, ಮನುಷ್ಯರ ಕೈಗೆ ಬೀಳುವುದಕ್ಕಿಂತ ಸರ್ವೇಶ್ವರನ ಕೈಗೆ ಬೀಳುವುದೇ ಮೇಲು, ಆತನ ಕರುಣೆ ದೊಡ್ಡದು ಎನ್ನುತ್ತಾನೆ (2 ಸಮುವೇಲ 24:14). ವ್ಯಾಧಿಯನ್ನು ತಂದ ದೂತನ ಕೈ ಯೆರೂಸಲೇಮಿನ ಮೇಲೆ ಚಾಚಿದಾಗ, ಸಾಕು, ಕೈಯನ್ನು ಹಿಂದಕ್ಕೆ ತೆಗೆ ಎಂಬ ಆಜ್ಞೆ ಬಂದದ್ದು ಅರೌನನ ಕಣದಲ್ಲಿ. ಮುಂದೆ ಸೊಲೊಮೋನನು ದೇವಾಲಯ ಕಟ್ಟಿಸಿದ್ದೂ ಅದೇ ಕಣದಲ್ಲಿ (2 ಪೂರ್ವಕಾಲವೃತ್ತಾಂತ 3:1). ಬೇರೆಯವರ ಕಷ್ಟಕ್ಕೆ ಕಾರಣ ಹೇಳಲು ಹೊರಟವರ ಗತಿ ಏನಾಯಿತೆಂದು ತಿಳಿಯಲು, ಯೋಬನ ಗೆಳೆಯರ ಮೇಲೆ ದೇವರು ಕೋಪಗೊಂಡ ಯೋಬ 42:7 ಸಾಕು. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯ ಬಗ್ಗೆ ಯೇಸುಸ್ವಾಮಿ ಹೇಳಿದ್ದೂ, ಅವರು ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದೇ (ಲೂಕ 13:4-5).

ಘಟ್ಟದಂಚು (ಸಕಲೇಶಪುರ):

ಅಕ್ಕ, ಮೇಷ್ಟ್ರೇ, ಇಬ್ಬರ ವಿವರಣೆಯೂ ಓದಲು ಚೆನ್ನಾಗಿದೆ. ಆದರೆ ನೀವು ನಿಲ್ಲಿಸಿದ ಕಡೆಯೇ ನನ್ನ ತೊಡಕು ಆರಂಭವಾಗುತ್ತದೆ.

ಅರೌನನ ಕಣದಲ್ಲಿ ದೂತನ ಕೈ ನಿಲ್ಲುವಷ್ಟರಲ್ಲಿ 70,000 ಮಂದಿ ಸತ್ತಿದ್ದರು. ಜನಗಣತಿ ಮಾಡಿಸಿದವನು ದಾವೀದ. ಪಾಪ ಮಾಡಿದವನು ನಾನು, ಈ ಕುರಿಗಳು ಏನು ಮಾಡಿದವು ಎಂದು ಅವನೇ ಕೇಳುತ್ತಾನೆ (24:17), ಮತ್ತು ಆ ಪ್ರಶ್ನೆಗೆ ಅಧ್ಯಾಯದಲ್ಲಿ ಉತ್ತರವಿಲ್ಲ. ಬಾಬೆಲಿನವರು ಯೆರೂಸಲೇಮಿಗೆ ಹಾಕಿದ ಮುತ್ತಿಗೆಯನ್ನೇ ತೆಗೆದುಕೊಳ್ಳಿ. ಚಿದ್ಕೀಯನ ಆಳ್ವಿಕೆಯ ಒಂಬತ್ತನೆಯ ವರ್ಷದ ಹತ್ತನೆಯ ತಿಂಗಳಿನಿಂದ ಹನ್ನೊಂದನೆಯ ವರ್ಷದ ನಾಲ್ಕನೆಯ ತಿಂಗಳವರೆಗೆ, ಅಂದರೆ ಸುಮಾರು ಒಂದೂವರೆ ವರ್ಷ, ಅದು ನಡೆಯಿತು; ಕಡೆಗೆ ಊರೊಳಗೆ ಆಹಾರವೇ ಉಳಿಯಲಿಲ್ಲ. ಮೊಲೆಕೂಸಿನ ನಾಲಗೆ ಬಾಯಾರಿಕೆಯಿಂದ ಅಂಗುಳಕ್ಕೆ ಅಂಟಿಕೊಂಡದ್ದನ್ನೂ, ಮಕ್ಕಳು ಅನ್ನ ಕೇಳಿದರೂ ಮುರಿದು ಕೊಡುವವರಿಲ್ಲದ್ದನ್ನೂ ಪ್ರಲಾಪಗಳು 4:4 ಹೇಳುತ್ತದೆ. 10ನೇ ವಚನವನ್ನು ಇಲ್ಲಿ ಬರೆಯಲು ನನ್ನಿಂದಾಗದು. ಶಿಕ್ಷೆಯಿಂದ ಜನಾಂಗ ತಿದ್ದಿಕೊಂಡಿತು ಎನ್ನಿ. ಆ ಕೂಸು ಏನನ್ನು ತಿದ್ದಿಕೊಂಡಿತು?

ನಮ್ಮ ಕಡೆಯ ಪ್ರಸಂಗಗಳಲ್ಲಿ ಇಂಥ ಮಾತು ಬಂದಾಗಲೆಲ್ಲ ಕಾಫಿ ಗಿಡದ ಕಸಿಯ, ಅಂದರೆ ರೆಂಬೆ ಸವರುವ ಕೆಲಸದ, ಉದಾಹರಣೆ ಕೇಳುತ್ತೇವೆ. ಕಸಿ ಮಾಡುವ ಆಳು ಗಿಡದ ಮುಂದೆ ನಿಂತು, ಯಾವ ರೆಂಬೆ ಮುಂದಿನ ವರ್ಷ ಕಾಯಿ ಹಿಡಿಯುತ್ತದೆಂದು ನೋಡಿ, ಅದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯುತ್ತಾನೆ. ಗುಡ್ಡ ಕುಸಿದಾಗ ಹೋಗುವುದು ಬೇರು. ಅದಕ್ಕೂ ಇದಕ್ಕೂ ಒಂದೇ ಹೆಸರಿಡುವುದು ನ್ಯಾಯವಲ್ಲ. ಹೋಶೇಯ 11ರಲ್ಲಿ, ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ದೇವರು ಕರುಳು ಮರುಗಿ ಹೇಳಿದ್ದನ್ನು ಯಾರಾದರೂ ಎತ್ತಿ ತೋರಿಸುವ ಮೊದಲೇ ಹೇಳಿಬಿಡುತ್ತೇನೆ: ಅಷ್ಟು ಹೇಳಿದ ಬಳಿಕವೂ ಕ್ರಿ.ಪೂ. 722ರಲ್ಲಿ ಎಫ್ರಾಯೀಮಿನ, ಅಂದರೆ ಇಸ್ರಾಯೇಲಿನ ಉತ್ತರ ರಾಜ್ಯದ, ರಾಜಧಾನಿ ಸಮಾರ್ಯ ಬಿತ್ತು, ಆ ಹತ್ತು ಕುಲಗಳ ರಾಜ್ಯ ಮತ್ತೆ ಏಳಲೇ ಇಲ್ಲ.

ಹಾಸನದ ಮೇಷ್ಟ್ರು:

ತಮ್ಮಾ, ಆ ಕೂಸಿನ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಇದೆಯೆಂದು ಹೇಳಿಕೊಳ್ಳುವವರನ್ನು ನಾನು ನಂಬುವುದೂ ಇಲ್ಲ. ಪ್ರಲಾಪಗಳ ಪುಸ್ತಕವೇ ಅದನ್ನು ಬಗೆಹರಿಸದೆ, ನೀನು ನಮ್ಮನ್ನು ಪೂರಾ ತಳ್ಳಿಬಿಟ್ಟಿದ್ದೀಯೋ ಎಂಬ ಸಂಶಯದ ಮೇಲೆಯೇ ಮುಗಿಯುತ್ತದೆ (5:22). ಆದರೆ ನೀವು ಹೇಳಿದ್ದಕ್ಕೆ ಸೇರಿಸಬೇಕಾದ ಎರಡು ಸಂಗತಿಗಳಿವೆ.

ಒಂದು, ದಂಡಿಸಲು ಬಳಸಿದ ಕೋಲಿಗೂ ಲೆಕ್ಕ ಕೇಳಲಾಗಿದೆ. ಅಶ್ಶೂರವನ್ನು ತನ್ನ ಕೋಪದ ಕೋಲು ಎಂದು ಕರೆದ ಯೆಶಾಯ 10ರಲ್ಲಿಯೇ, ಆ ಕೆಲಸ ಮುಗಿದ ಕೂಡಲೆ ಅಶ್ಶೂರದ ಅರಸನ ಗರ್ವವನ್ನು ದಂಡಿಸುವೆನು ಎಂಬ ಮಾತಿದೆ. ಬಾಬೆಲಿಗೆ ಹೇಳಿದ್ದು ಇನ್ನೂ ಖಾರವಾಗಿದೆ: ನನ್ನ ಜನರನ್ನು ನಿನ್ನ ಕೈಗೆ ಒಪ್ಪಿಸಿದೆನು, ನೀನು ಅವರಿಗೆ ಕರುಣೆ ತೋರಿಸದೆ ಮುದುಕರ ಮೇಲೆಯೂ ಬಹು ಭಾರವಾದ ನೊಗವನ್ನು ಹೊರಿಸಿದಿ (47:6). ಜೆಕರ್ಯ 1:15ರಲ್ಲಿ, ನಾನು ಸ್ವಲ್ಪ ಮಾತ್ರ ಕೋಪಗೊಂಡಿದ್ದೆನು, ಅವರು ಕೇಡನ್ನು ಹೆಚ್ಚಿಸಿದರು ಎಂದೇ ಇದೆ. ಆ ಮುತ್ತಿಗೆಯಲ್ಲಿ ನಡೆದದ್ದೆಲ್ಲವೂ ದೇವರು ಅಳೆದುಕೊಟ್ಟದ್ದೇ ಎಂದು ಆ ಪ್ರವಾದಿಗಳೂ ಹೇಳಲಿಲ್ಲ. ಯೆರೂಸಲೇಮ್ ಬಿದ್ದದ್ದು ಸಾಮಾನ್ಯವಾಗಿ ಒಪ್ಪುವಂತೆ ಕ್ರಿ.ಪೂ. 586ರಲ್ಲಿ, ಬಾಬೆಲನ್ನು ಪಾರಸಿಯ ಕೋರೆಷನು ಹಿಡಿದದ್ದು 539ರಲ್ಲಿ. ಕೋಲು ಮುರಿಯಲು ಅರ್ಧ ಶತಮಾನವೂ ಹಿಡಿಯಲಿಲ್ಲ.

ಎರಡನೆಯದು, ಶಿಕ್ಷಿಸುವವನು ಹೊರಗೆ ನಿಂತು ನೋಡುವವನಾಗಿ ಎಲ್ಲಿಯೂ ಚಿತ್ರಿತನಾಗಿಲ್ಲ. ನ್ಯಾಯಸ್ಥಾಪಕರು 10ರಲ್ಲಿ, ಇನ್ನು ನಿಮ್ಮನ್ನು ರಕ್ಷಿಸುವುದಿಲ್ಲ, ನೀವು ಆರಿಸಿಕೊಂಡ ದೇವರುಗಳಿಗೇ ಮೊರೆಯಿಡಿರಿ ಎಂದು ಖಡಾಖಂಡಿತವಾಗಿ ಹೇಳಿದವನು, ಮೂರೇ ವಚನಗಳಾಚೆ ಇಸ್ರಾಯೇಲ್ಯರ ಸಂಕಟವನ್ನು ತಾಳಲಾರದೆ ಹೋಗುತ್ತಾನೆ. ಅವರು ಆಗ ಅನ್ಯದೇವತೆಗಳನ್ನು ತೆಗೆದುಹಾಕಿದ್ದೇನೋ ನಿಜ; ಆದರೆ ಹಿಂದೆ ಎಷ್ಟು ಸಲ ತೆಗೆದುಹಾಕಿ ಮತ್ತೆ ತಂದಿಟ್ಟುಕೊಂಡಿದ್ದರು ಎಂಬುದು ಆತನಿಗೆ ತಿಳಿಯದ್ದೇನಲ್ಲ. ಹೋಶೇಯನ ಬಗ್ಗೆ ನೀವು ಹೇಳಿದ್ದು ಸರಿ, ಸಮಾರ್ಯ ಬಿತ್ತು. ಆದರೆ ಅಲ್ಲಿ ಹೆಸರಿಸಿರುವ ಅದ್ಮಾ ಮತ್ತು ಚೆಬೋಯೀಮ್ ಸೊದೋಮಿನೊಂದಿಗೆ ಬೂದಿಯಾದ ಊರುಗಳು. ಅವುಗಳ ಗತಿ ನಿನಗೆ ಬರಗೊಡಲಾರೆ ಎಂಬುದು ಅಲ್ಲಿನ ಮಾತು. ರಾಜ್ಯ ಹೋಯಿತು, ಆದರೆ ಜನರನ್ನು ಕುರಿತ ವಾಗ್ದಾನವನ್ನು ಆತನು ಹಿಂದೆಗೆದುಕೊಳ್ಳಲಿಲ್ಲ.

ಗಿರಿಸಾಲು (ಚಿಕ್ಕಮಗಳೂರು):

ಒಂದು ಮಾತು ಬಿಟ್ಟುಹೋಗಿತ್ತು. ಇಬ್ರಿಯರಿಗೆ 12ರಲ್ಲಿ ಶಿಕ್ಷೆಯ ಮಾತು 11ನೇ ವಚನಕ್ಕೆ ಮುಗಿದ ಕೂಡಲೆ, ಆದುದರಿಂದ ಎಂದು ಆರಂಭವಾಗುವ 12 ಮತ್ತು 13ನೇ ವಚನಗಳಿವೆ: ಜೋತುಬಿದ್ದ ಕೈಗಳನ್ನೂ ಕುಸಿದ ಮೊಣಕಾಲುಗಳನ್ನೂ ಬಲಪಡಿಸಿರಿ, ಕುಂಟುವ ಕಾಲು ಉಳುಕಿಹೋಗದೆ ವಾಸಿಯಾಗುವಂತೆ ದಾರಿಯನ್ನು ನೇರಮಾಡಿರಿ. ನಿಮ್ಮ ಪ್ರಸಂಗಿ 6ನೇ ವಚನವನ್ನು ಓದಿ ಕಾಲು ಉಳುಕಿಸಿ ಹೋದರು. ಮುಂದಿನ ಏಳು ವಚನಗಳನ್ನು ಓದಿದ್ದರೆ ಸಭೆಗೇ ಕೆಲಸ ಸಿಗುತ್ತಿತ್ತು.

ಮೂಡಿಗೆರೆ ಓದುಗ:

ಮೂವರಿಗೂ ಕೃತಜ್ಞನಾಗಿದ್ದೇನೆ. ತಪ್ಪನ್ನು ಹೆಸರಿಸದೆ ನಷ್ಟವನ್ನು ಮಾತ್ರ ತೋರಿಸುವುದು ಪ್ರವಾದಿಗಳ ರೀತಿಯಲ್ಲ ಎಂಬ ಅಂಶವನ್ನು ನಮ್ಮ ಸಭಾಪಾಲಕರ ಮುಂದೆ ಇಡುತ್ತೇನೆ. ನಾವು ಕೆಲವರು ಆ ಹಿರಿಯರ ಮನೆಗೆ ಹೋಗಿ, ಆತನ ಕರುಣೆಯು ದಿನದಿನವೂ ಹೊಸದಾಗುವುದೆಂಬ ಪ್ರಲಾಪಗಳು 3:22-23ನ್ನು ಓದಿ ಪ್ರಾರ್ಥಿಸಬೇಕೆಂದಿದ್ದೇವೆ. ಅದು ಸರಿಯಾದ ಭಾಗವೇ?

ಘಟ್ಟದಂಚು (ಸಕಲೇಶಪುರ):

ಭಾಗ ಸರಿಯಾಗಿದೆ, ಆದರೆ ದಯವಿಟ್ಟು 22ರಿಂದ ಆರಂಭಿಸಬೇಡಿ. ಆತನ ಕೋಪದ ಕೋಲಿನಿಂದ ಕಷ್ಟವನ್ನು ಕಂಡವನು ನಾನೇ ಎಂಬ 1ನೇ ವಚನದಿಂದ ಓದಿ. ಹಲ್ಲುಗಳನ್ನು ಗರಸಿನಿಂದ ಮುರಿದನು ಎನ್ನುವವರೆಗೆ ದೂರು ಹೇಳಿಕೊಂಡ ಮೇಲೆ ಅದೇ ಬಾಯಿ 22ನೇ ವಚನವನ್ನು ಹೇಳುತ್ತದೆ. ಮೊದಲ 21 ವಚನಗಳನ್ನು ಬಿಟ್ಟು ಓದಿದರೆ, ಸಮಾಧಾನ ಹೇಳಲು ಬಂದವರ ಮಾತಿನಂತೆ ಕೇಳಿಸುತ್ತದೆ.

ಹಾಸನದ ಮೇಷ್ಟ್ರು:

ಈ ಸಲಹೆಗೆ ನನ್ನ ಪೂರ್ಣ ಸಮ್ಮತಿಯಿದೆ. ಸಾಧ್ಯವಾದರೆ ಆ ಹಿರಿಯರೇ ಓದಲಿ, ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಆತನು ಮನುಷ್ಯರನ್ನು ಮನಃಪೂರ್ವಕವಾಗಿ ನೋಯಿಸುವುದಿಲ್ಲ ಎಂಬ 33ನೇ ವಚನ ಬಂದಾಗ ಅಲ್ಲಿಗೇ ಮುಗಿಸಬೇಕೆನಿಸುತ್ತದೆ, ಮುಗಿಸಬೇಡಿ. 42ರಲ್ಲಿ, ನೀನು ಕ್ಷಮಿಸಲಿಲ್ಲ ಎಂದು ದೂರು ಮತ್ತೆ ಏಳುತ್ತದೆ, 44ರಲ್ಲಿ ಪ್ರಾರ್ಥನೆ ದಾಟದಂತೆ ಆತನು ಮೋಡವನ್ನು ಮರೆಮಾಡಿಕೊಂಡಿದ್ದಾನೆ. ಅದನ್ನೂ ಓದಿಕೊಂಡು 57ನೇ ವಚನದವರೆಗೆ ಹೋಗಿ. ಆ ಪುಸ್ತಕದ ಐದೂ ಅಧ್ಯಾಯಗಳಲ್ಲಿ ಮಾತನಾಡುವವರು ಕವಿ ಮತ್ತು ಊರಿನವರು; ದೇವರು ಆಡಿದ್ದೆಂದು ಉಲ್ಲೇಖವಾಗಿರುವುದು ಅಲ್ಲಿರುವ ‘ಭಯಪಡಬೇಡ’ ಎಂಬುದೊಂದೇ. ಒಟ್ಟು 66 ವಚನಗಳು, ನಿಧಾನವಾಗಿ ಓದಿದರೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಓದಿದ ಮೇಲೆ ಪ್ರಸಂಗ ಬೇಡ.